ಕಾಲಿನ ರಕ್ತನಾಳ ಯಾವ ವಿಭಾಗಕ್ಕೆ ಸೇರಿದ್ದು?

ಮಂಗಳೂರು, ಮಣಿಪಾಲಗಳಲ್ಲಿ ಎಂ.ಡಿ. ಜನರಲ್ ಮೆಡಿಸಿನ್ ಮುಗಿಸುವವರನ್ನು ಮುಂದೇನು ಎಂದು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಅವೇ: ಕಾರ್ಡಿಯಾಲಜಿ, ಗ್ಯಾಸ್ಟ್ರೋ, ನೆಫ್ರಾಲಜಿ. ರಕ್ತನಾಳಗಳ ವೈದ್ಯನಾಗುತ್ತೇನೆ, ಕಾಲೇಜಿನಲ್ಲಿದ್ದು ಅದನ್ನೇ ಕಲಿಸುತ್ತೇನೆ ಎಂದವರನ್ನು ನನ್ನ ಅಧ್ಯಾಪನದ ಅವಧಿಯಲ್ಲಿ ಕಂಡದ್ದು ತೀರಾ ವಿರಳ. ಅದರಲ್ಲಿ ಅವರ ತಪ್ಪೇನೂ ಇಲ್ಲ, ಅಂಥ ಹುದ್ದೆಯೊಂದು ಅವರ ಕಣ್ಣಿಗೆ ಬಿದ್ದೇ ಇಲ್ಲ. ನಮ್ಮ ಕರಾವಳಿಯ ವೈದ್ಯಕೀಯ ಕಾಲೇಜುಗಳು ಆ ಹುದ್ದೆಯನ್ನು ಮೆಡಿಸಿನ್ ವಿಭಾಗದೊಳಗೇ ಸೃಷ್ಟಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ನಡೆಯುತ್ತಿರುವುದನ್ನು ನೋಡಿ. ದೋಣಿಗಳು ತಂಗುವ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಅರುವತ್ತರ ಆಸುಪಾಸಿನವರೊಬ್ಬರು 'ಕಾರ್ ಬೇನೆ' (ತುಳುವಿನಲ್ಲಿ ಕಾಲುನೋವು) ಎಂದು ಬರುತ್ತಾರೆ. ನೂರು ಮಾರು ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಎರಡು ನಿಮಿಷಕ್ಕೆ ಬಿಡುತ್ತದೆ. ಮೂಳೆಯ ವಿಭಾಗದವರು ಸೊಂಟದ ಎಕ್ಸ್‌ರೇ ತೆಗೆಸುತ್ತಾರೆ, ನರರೋಗದವರು ಮಾತ್ರೆ ಬರೆಯುತ್ತಾರೆ, ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನವರು ಸಕ್ಕರೆಯನ್ನಷ್ಟೇ ನೋಡುತ್ತಾರೆ. ಶಸ್ತ್ರಚಿಕಿತ್ಸಕರ ಬಳಿಗೆ ಅವರು ತಲಪುವಷ್ಟರಲ್ಲಿ ಬೆರಳು ಕಪ್ಪಾಗಿರುತ್ತದೆ. ಇವರಲ್ಲಿ ಯಾರೂ ಅಸಡ್ಡೆಯವರಲ್ಲ, ಆದರೆ ಹೃದಯದಿಂದ ಕಾಲಿಗೆ ರಕ್ತ ಒಯ್ಯುವ ಅಪಧಮನಿ ಯಾರೊಬ್ಬರ ಹೊಣೆಯೂ ಆಗಿಲ್ಲ.

ರೋಗ ಪತ್ತೆಗೆ ದೊಡ್ಡ ಯಂತ್ರಗಳೇನೂ ಬೇಡ. ಪಾದದ ಗಂಟಿನ ಬಳಿ ಅಳೆದ ಸಿಸ್ಟಾಲಿಕ್ (ಬಿ.ಪಿ.ಯ ಮೇಲಿನ ಅಂಕಿ) ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ ಬರುವ ಸಂಖ್ಯೆ 0.90 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಾಲಿನ ಅಪಧಮನಿಯಲ್ಲಿ ಅಡಚಣೆಯಿದೆ ಎಂದರ್ಥ. ಬಿ.ಪಿ. ಪಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ, ಅಂಗೈಯಲ್ಲಿ ಹಿಡಿಯುವ ಡಾಪ್ಲರ್, ಕಾಲು ಗಂಟೆಯ ವ್ಯವಧಾನ, ಇಷ್ಟೇ ಸಾಕು. ಬಹುಕಾಲದ ಸಕ್ಕರೆ ಕಾಯಿಲೆಯಲ್ಲಿ ನಾಳದ ಗೋಡೆ ಸುಣ್ಣಗಟ್ಟಿ ಈ ಸಂಖ್ಯೆ 1.4ನ್ನೂ ಮೀರಿ ಮೋಸ ಮಾಡುತ್ತದೆ. ಆಗ ಹೆಬ್ಬೆರಳಿನ ಒತ್ತಡವನ್ನು ಅಳೆಯಬೇಕು. ಇಂಥ ಸೂಕ್ಷ್ಮವನ್ನು ರೋಗಿಯ ಪಕ್ಕದಲ್ಲೇ ನಿಂತು ಕಲಿಸುವವರು ಬೇಕು. ಪಾದದ ಮೇಲಿನ ನಾಡಿಯನ್ನು ಒಮ್ಮೆಯೂ ಮುಟ್ಟಿ ನೋಡದೆ ಪರೀಕ್ಷೆ ಪಾಸಾದ ವಿದ್ಯಾರ್ಥಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇನ್ನೊಂದು ಮಾತು: ಕಾಲಿನ ನಾಳ ಕಟ್ಟಿದವರ ಹೃದಯ ಮತ್ತು ಮಿದುಳಿನ ನಾಳಗಳಿಗೂ ಅದೇ ಅಪಾಯ ಇರುವುದರಿಂದ, ಆ ನಾಡಿ ಸಿಗದಿದ್ದರೆ ಇಡೀ ಮನುಷ್ಯನ ಬಗ್ಗೆ ಎಚ್ಚರಗೊಳ್ಳಬೇಕು.

ನಮ್ಮ ನೆಲದಲ್ಲಂತೂ ಈ ವಿಷಯಕ್ಕೆ ಕೊರತೆಯಿಲ್ಲ. ಲಿಯೋ ಬರ್ಗರ್ 1908ರಲ್ಲಿ ನ್ಯೂಯಾರ್ಕಿನಲ್ಲಿ ವಿವರಿಸಿದ ರೋಗ ತಂಬಾಕು ಸೇದುವ ಎಳೆಯ ವಯಸ್ಸಿನವರ ಕೈಕಾಲುಗಳ ಸಣ್ಣ ನಾಳಗಳನ್ನು ಮುಚ್ಚುತ್ತದೆ. ಸೇದುವುದನ್ನು ಪೂರ್ತಿ ಬಿಟ್ಟವರ ಅಂಗಗಳು ಬಹುಪಾಲು ಉಳಿಯುತ್ತವೆ, ಬಿಡದವರದು ಒಂದೊಂದೇ ಬೆರಳು ಹೋಗುತ್ತದೆ. ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ ಮನೆಗಳ ಜಿಲ್ಲೆಯಲ್ಲಿ ಬೀಡಿ ಬಿಡಿ ಎಂದು ಹೇಳಿ ಒಪ್ಪಿಸುವುದಕ್ಕೆ ಒಂದು ಭೇಟಿ ಸಾಲದು. ಹೆರಿಗೆಯ ನಂತರದ ಆರು ವಾರ ಅಭಿಧಮನಿಯಲ್ಲಿ (ರಕ್ತವನ್ನು ಹೃದಯಕ್ಕೆ ಮರಳಿ ತರುವ ನಾಳದಲ್ಲಿ) ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಾಗಿರುವ ಕಾಲ. ಬಾಣಂತಿಯ ಒಂದೇ ಕಾಲು ಊದಿಕೊಂಡಾಗ ಅದನ್ನು ವಾಯು ಎಂದು ಎಣ್ಣೆ ತಿಕ್ಕುತ್ತಾ ದಿನ ಕಳೆದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಬಹುದು. ಕರಾವಳಿಯನ್ನು ಬಹುಕಾಲ ಕಾಡಿದ ಆನೆಕಾಲು ರೋಗದ ಹಳೆಯ ರೋಗಿಗಳಿಗೆ ಪ್ರತಿದಿನ ಕಾಲು ತೊಳೆದು ಬೆರಳುಸಂದಿ ಒರಸಿಕೊಳ್ಳುವುದನ್ನು ಕಲಿಸಿದರೆ ಜ್ವರದ ಕಾಟ ಇಳಿಯುತ್ತದೆ. ಇದೂ ರಕ್ತನಾಳದ ವೈದ್ಯರ ಕ್ಲಿನಿಕ್ಕಿಗೇ ಬರಬೇಕಾದ ಕೆಲಸ.

ಖಾಸಗಿ ವೃತ್ತಿಯಲ್ಲಿ ಇದು ಏಕೆ ಬೆಳೆಯುವುದಿಲ್ಲ ಎಂಬುದು ಸ್ಪಷ್ಟ. ನಡೆದರೆ ಕಾಲು ಹಿಡಿಯುವ ರೋಗಿಗೆ ಇರುವ ಉತ್ತಮ ಚಿಕಿತ್ಸೆಗಳಲ್ಲೊಂದು ಮೇಲ್ವಿಚಾರಣೆಯ ನಡಿಗೆ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವುದು. ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ ಮೂರು ಸಲವಾದರೂ, ಕನಿಷ್ಠ 12 ವಾರ. ಇದಕ್ಕೆ ಬಿಲ್ ಮಾಡುವುದು ಹೇಗೆ? ಸ್ಟೆಂಟ್ ಹಾಕಿದರೆ ಆದಾಯವಿದೆ. ಹಾಗಾಗಿ ಸಂಬಳ ಕೊಟ್ಟು ಕೂರಿಸುವ ಬೋಧನಾ ಆಸ್ಪತ್ರೆಯೇ ಇದಕ್ಕೆ ತಕ್ಕ ಜಾಗ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ವೈದ್ಯಕೀಯ ಕಾಲೇಜು ಆರಂಭಿಸಿದ ಮೇಲೆ ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯೂ ಅದರ ವಿದ್ಯಾರ್ಥಿಗಳ ಕಲಿಕೆಯ ತಾಣವಾಯಿತು. ಬಡ ರೋಗಿಯೂ ಅಧ್ಯಾಪಕನೂ ಒಂದೇ ವಾರ್ಡಿನಲ್ಲಿ ಎದುರಾಗುವ ಇಂಥ ಅನುಕೂಲ ಎಲ್ಲ ಊರಿಗೂ ಇಲ್ಲ.

ಬೋಧನೆಯ ಹುದ್ದೆಯಲ್ಲಿದ್ದವರು ಏನು ಸಾಧಿಸಬಹುದು ಎಂಬುದಕ್ಕೆ ಅಮೆರಿಕದ ಪೋರ್ಟ್‌ಲ್ಯಾಂಡಿನ ಚಾರ್ಲ್ಸ್ ಡಾಟರ್ ಸಾಕ್ಷಿ. ಅವರು ವಿಶ್ವವಿದ್ಯಾಲಯದ ರೇಡಿಯಾಲಜಿ ಪ್ರಾಧ್ಯಾಪಕರು. 1964ರಲ್ಲಿ, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ಅಪಧಮನಿಯನ್ನು ಕ್ಯಾಥೆಟರ್ ತೂರಿಸಿ ಹಿಗ್ಗಿಸಿದರು. ಕಾಲು ಉಳಿಯಿತು. ಇಂದು ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿಯ ಮೊದಲ ಪಾಠ ಹೀಗೆ ಕಾಲಿನಲ್ಲಿ ನಡೆದದ್ದು ಎಂಬುದನ್ನು ನಮ್ಮ ಕಾರ್ಡಿಯಾಲಜಿ ಮಿತ್ರರಿಗೆ ಆಗಾಗ ನೆನಪಿಸುವುದು ನನಗೊಂದು ಖುಷಿ.

ದಾರಿ ಸುಲಭದ್ದಲ್ಲ. ಜರ್ಮನಿಯಲ್ಲಿ ಆಂಜಿಯಾಲಜಿ, ಅಂದರೆ ರಕ್ತನಾಳಗಳ ವೈದ್ಯಕೀಯ, ಮೆಡಿಸಿನ್‌ನ ಒಂದು ಮಾನ್ಯ ಶಾಖೆ, ಅಮೆರಿಕದಲ್ಲಿ ಇದಕ್ಕೆ ಪ್ರತ್ಯೇಕ ಫೆಲೋಶಿಪ್ ಇದೆ; ನಮ್ಮಲ್ಲಿ ಎಂ.ಡಿ. ಆದವರು ಶಸ್ತ್ರಚಿಕಿತ್ಸಕರ ಮತ್ತು ರೇಡಿಯಾಲಜಿಯವರ ಜೊತೆ ಓಡಾಡಿ ಕಲಿಯಬೇಕಾಗುತ್ತದೆ. ಬಡ್ತಿಗೆ ಪ್ರಬಂಧಗಳ ಎಣಿಕೆ ನಡೆಯುತ್ತದೆ, ಕತ್ತರಿಸದೆ ಉಳಿದ ಕಾಲುಗಳನ್ನು ಯಾವ ಅರ್ಜಿಯೂ ಕೇಳುವುದಿಲ್ಲ. ಹತ್ತು ವರ್ಷ ಒಂದೇ ರೋಗಿಗಳನ್ನು ಹಿಂಬಾಲಿಸಿ ಕ್ರಮವಾಗಿ ದಾಖಲೆ ಇಟ್ಟರೆ ಪ್ರಬಂಧಗಳೂ ತಾವಾಗಿ ಬರುತ್ತವೆ ಎಂಬ ಭರವಸೆ ನನಗಿದೆ, ಆದರೆ ಅಷ್ಟು ಕಾಲ ಕಾಯುವ ತಾಳ್ಮೆ ಆಡಳಿತಕ್ಕೆ ಇರಬೇಕು. ಮೊದಲಿಗೆ ವಾರಕ್ಕೊಂದು ಮಧ್ಯಾಹ್ನದ ಕ್ಲಿನಿಕ್, ಒಬ್ಬ ಸಹಾಯಕ ಪ್ರಾಧ್ಯಾಪಕರು, ಗಾಯ ಕಟ್ಟಲು ಬಲ್ಲ ಒಬ್ಬ ನರ್ಸ್, ರೋಗಿಗಳನ್ನು ನಡೆಸಲು ಒಂದು ಕಾರಿಡಾರ್ ಸಿಕ್ಕರೂ ಆರಂಭಿಸಬಹುದು. ಆದಾಯ ಕಾರ್ಡಿಯಾಲಜಿಯವರಷ್ಟು ಬರುತ್ತದೆಯೇ ಎಂದು ವಿದ್ಯಾರ್ಥಿಗಳ ತಂದೆತಾಯಿ ಕೇಳುತ್ತಾರೆ. ಬರುವುದಿಲ್ಲ, ಹತ್ತಿರಕ್ಕೂ ಬರುವುದಿಲ್ಲ.