ಪದ ಎಣಿಸಿದರೆ ಸಾಲದು
ಒಳ್ಳೆ ಪದ, ಕೆಟ್ಟ ಪದ ಅಂತ ಪಟ್ಟಿ ಮಾಡಿ ಎಣಿಸಿದರೆ ಬರೆದವರ ಅಭಿಪ್ರಾಯ ಕಂಪ್ಯೂಟರ್‌ಗೆ ಗೊತ್ತಾಗುತ್ತದೆ ಅಂತ ಲೇಖನದಲ್ಲಿ ಹೇಳಿದ್ದೀರಿ. ಅಷ್ಟು ಸಲೀಸಲ್ಲ ಸರ್. 2002ರಲ್ಲೇ ಬೋ ಪಾಂಗ್, ಲಿಲಿಯನ್ ಲೀ, ಶಿವಕುಮಾರ್ ವೈದ್ಯನಾಥನ್ ಎಂಬ ಸಂಶೋಧಕರು ಇಂಗ್ಲಿಷ್ ಸಿನಿಮಾ ವಿಮರ್ಶೆಗಳ ಮೇಲೆ ಇದನ್ನು ಮಾಡಿ ನೋಡಿದ್ದರು. ಮನುಷ್ಯರು ಯೋಚಿಸಿ ಕೊಟ್ಟ ಎರಡು ಪಟ್ಟಿಗಳಲ್ಲಿ ಒಂದು ನೂರಕ್ಕೆ 58, ಇನ್ನೊಂದು 64 ಸರಿ ಹೇಳಿದವು, ಸುಮ್ನೆ ನಾಣ್ಯ ಚಿಮ್ಮಿದರೂ 50 ಬರುತ್ತಿತ್ತು ಅಲ್ವಾ! ವಿಮರ್ಶೆಗಳನ್ನೇ ಕೊಟ್ಟು ಕಂಪ್ಯೂಟರ್‌ಗೆ ಕಲಿಸಿದಾಗ ಸುಮಾರು 83ರ ತನಕ ಹೋಯಿತು.

ಆದರೂ ಎಡವಿತು. ನಟರು ಚೆನ್ನಾಗಿದ್ದಾರೆ, ಕಥೆ ಚೆನ್ನಾಗಿದೆ, ಸಂಗೀತ ಸೂಪರ್ ಅಂತ ಹೊಗಳುತ್ತಾ ಹೋಗಿ ಕೊನೇ ಸಾಲಿನಲ್ಲಿ ‘ಆದರೆ ಸಿನಿಮಾ ಮಾತ್ರ ಬೋರು’ ಅನ್ನುವಂಥ ವಿಮರ್ಶೆಗಳಲ್ಲಿ ಹೊಗಳಿಕೆ ಪದಗಳೇ ಜಾಸ್ತಿ, ತೀರ್ಪು ಮಾತ್ರ ಉಲ್ಟಾ.

ನಮ್ಮ ಯೂಟ್ಯೂಬ್ ಕಾಮೆಂಟುಗಳ ಕಥೆ ಇನ್ನೂ ಕಷ್ಟ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುನಡುವೆ ಇಂಗ್ಲಿಷ್, ಸ್ಪೆಲಿಂಗ್ ಒಬ್ಬೊಬ್ಬರದು ಒಂದೊಂದು. ಇಂಥವನ್ನೇ ಸೇರಿಸಿ 2020ರಲ್ಲಿ ಕ್ಯಾನ್‌ಸಿಎಂಡಿ ಅನ್ನೋ ಸಂಗ್ರಹ ಬಂತು, ಪ್ರತಿ ಕಾಮೆಂಟಿಗೂ ಜನರೇ ಓದಿ ಗುರುತು ಹಾಕಿದ್ದು. ಅದರಲ್ಲಿ ಮೆಚ್ಚುಗೆ, ಟೀಕೆ ಅಷ್ಟೇ ಅಲ್ಲ, ಎರಡೂ ಬೆರೆತವಕ್ಕೂ ಒಂದು ಗುಂಪಿದೆ. ನಿಮ್ಮ ಲೇಖನದ ರೇಖಾಚಿತ್ರದಲ್ಲಿ ಒಳ್ಳೆಯದು, ಕೆಟ್ಟದ್ದು ಅಂತ ಎರಡೇ ಗುಂಪು ಇವೆ.

‘ಟ್ರೈಲರ್ ನೋಡಿದೆ, ಟಿಕೆಟ್ ದುಡ್ಡು ಉಳಿಯಿತು, ಥ್ಯಾಂಕ್ಸ್’ ಅಂತ ಬರೆದವರನ್ನು ಯಾವುದಕ್ಕೆ ಹಾಕುತ್ತೀರಿ?