ಆಗಲ್ಲ ಅಂತಾದರೂ ಹೇಳಿಬಿಡಿ

ಇವತ್ತು ಬೆಳಗಿನ ಜಾವ 4:30ಕ್ಕೆ ಮೊಬೈಲ್ ಟಿಂಗ್ ಅಂತು. ನಾನು ಸೀಟಿಗೆ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿರುವ ಯೂನಿವರ್ಸಿಟಿ ಇರುವುದು ಅಮೆರಿಕದ ಪೂರ್ವ ಕರಾವಳಿಯಲ್ಲಿ; ಅಲ್ಲಿ ಆಗ ಸಂಜೆ 7. ಎದೆ ಧಸಕ್ ಅಂತು. ಕೈ ನಡುಗಿ ಪಾಸ್‌ವರ್ಡ್ ಎರಡು ಸಲ ತಪ್ಪಾಯಿತು. ಬಂದಿದ್ದೇನು? ಕ್ಯಾಂಪಸ್ಸಿನಲ್ಲಿ ಹೂ ಬಿಟ್ಟ ಮರಗಳ ಫೋಟೋ ಹಾಕಿದ ಸುದ್ದಿಪತ್ರ! ಪೋರ್ಟಲ್‌ನಲ್ಲಿ ಅದೇ ಹಳೇ ಸಾಲು: 'ಅರ್ಜಿ ಪರಿಶೀಲನೆಯಲ್ಲಿದೆ'. ನನಗೆ ಸಾಕಾಗಿ ಹೋಗಿದೆ.

ಮಾರ್ಚ್ 1ಕ್ಕೆ ಅರ್ಜಿ ಹಾಕಿದ್ದು. ಇವತ್ತು ಜೂನ್ 4. ಮೊದಲ ವರ್ಷಕ್ಕೆ ಸೇರುವವರಿಗೆ ಏಪ್ರಿಲ್ ಹೊತ್ತಿಗೆ ಉತ್ತರ ಸಿಕ್ಕಿರುತ್ತದೆ. ಓದುತ್ತಿರುವ ಕಾಲೇಜು ಬಿಟ್ಟು ಮಧ್ಯದಲ್ಲಿ ಅಲ್ಲಿಗೆ ಟ್ರಾನ್ಸ್‌ಫರ್ ಕೇಳಿದ ನಮಗೆ ಮಾತ್ರ ಒಂದು ತಾರೀಖೂ ಇಲ್ಲ. ನಾವೇನು ಪಾಪ ಮಾಡಿದ್ದೇವೆ?

ಕೇಳಿದ್ದನ್ನೆಲ್ಲ ಕೊಟ್ಟಿಲ್ಲವಾ? ಅಂಕಪಟ್ಟಿಗೆ ಸೀಲ್ ಹಾಕಿಸಲು ಜಯನಗರದಿಂದ ಬಸ್ ಹತ್ತಿ ಮೂರು ಸಲ ಕಾಲೇಜಿನ ಆಫೀಸಿಗೆ ಅಲೆದೆ. ಪ್ರತಿ ವಿಷಯದ ಸಿಲಬಸ್ ಕೂತು ಟೈಪ್ ಮಾಡಿದೆ. ನಾನು ಒಂದು ದಿನ ತಡ ಮಾಡಿದ್ದರೆ ಅರ್ಜಿ ಕಸದ ಬುಟ್ಟಿಗೆ. ಅವರಿಗೆ ಗಡುವೇ ಇಲ್ವಾ?

ಇತ್ತ ಕಾಲೇಜಿನಿಂದ ಮುಂದಿನ ವರ್ಷದ ಫೀಸ್ ಕಟ್ಟಿ ಅಂತ ದಿನಾ ಮೆಸೇಜ್. ಕಟ್ಟಿದರೆ ವಾಪಸ್ ಬರುತ್ತಾ? ಕಟ್ಟದಿದ್ದರೆ ಇರುವ ಸೀಟೂ ಹೋಗುತ್ತದೆ. ಅಲ್ಲಿ ಸೀಟು ಸಿಕ್ಕರೂ, ವಿದ್ಯಾರ್ಥಿ ವೀಸಾಕ್ಕೆ ಯೂನಿವರ್ಸಿಟಿ ಕೊಡುವ ಐ-20 ಅನ್ನೋ ಪತ್ರ ಕೈಗೆ ಬರದೆ ವೀಸಾ ಸಂದರ್ಶನವಿಲ್ಲ. ಕ್ಲಾಸ್ ಶುರುವಾಗುವುದು ಆಗಸ್ಟ್‌ನಲ್ಲಿ!

ಎದುರುಮನೆ ಆಂಟಿ ಹಾಲಿನ ಪ್ಯಾಕೆಟ್ ತಗೊಳ್ಳುವಾಗೆಲ್ಲ "ಏನಮ್ಮಾ, ಬಂತಾ?" ಅನ್ನುತ್ತಾರೆ. ಅಪ್ಪ ಕೇಳುವುದನ್ನೇ ಬಿಟ್ಟಿದ್ದಾರೆ. ಅದು ಇನ್ನೂ ಜಾಸ್ತಿ ಕಷ್ಟ. ಇಲ್ಲ ಅಂದರೆ ಒಂದು ದಿನ ಅಳುತ್ತೇನೆ, ಮರುದಿನ ಬ್ಯಾಗ್ ಹಾಕಿಕೊಂಡು ಕಾಲೇಜಿಗೆ ಹೋಗುತ್ತೇನೆ. ಅಷ್ಟು ಹೇಳೋಕೆ ಮೂರು ತಿಂಗಳು ಬೇಕಾ?