ಮುಚ್ಚಳದ ಮೇಲೆ ಹೆಸರು ಬರೆದವನ ಪಾಡು

ಎರಡು ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಎರಡರಲ್ಲೂ ಕಪ್ಪಗೆ ಹೊಳೆಯುವ ಹರಳುಗಳು, ಒಂದೊಂದೂ ಒಂದು ಮಿಲಿಮೀಟರ್ ಇದ್ದರೆ ಅದೇ ದೊಡ್ಡದು. ಒಂದರಲ್ಲಿ ಮಾಮೂಲಿ ಹೈಡ್ರೋಜನ್, ಇನ್ನೊಂದರಲ್ಲಿ ಅದರ ದಪ್ಪ ಅಣ್ಣ ಡ್ಯೂಟೀರಿಯಂ. ಕಣ್ಣಿಗೆ ಎರಡೂ ಒಂದೇ. ಅದಕ್ಕೇ ನಾನು ಮುಂಜಾಗ್ರತೆಯಿಂದ ದಪ್ಪಕ್ಷರದಲ್ಲಿ ಗುರುತು ಬರೆದಿಟ್ಟೆ. ಮುಚ್ಚಳದ ಮೇಲೆ.

ಡಬ್ಬಿಗಳೆರಡೂ ಒಂದೇ ಅಳತೆಯವು ಅಂದರೆ ಮುಂದಿನ ಕಥೆ ನಿಮಗೆ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು.

ಇವು ಸಾವಯವ ಸೂಪರ್‌ಕಂಡಕ್ಟರ್‌ಗಳು. ಅಂದರೆ ಸಾಕಷ್ಟು ತಂಪು ಮಾಡಿದರೆ ವಿದ್ಯುತ್ತನ್ನು ಅಡ್ಡಿಯಿಲ್ಲದೆ ಹರಿಸುವ, ಇಂಗಾಲದ ಅಣುಗಳಿಂದಾದ ವಸ್ತುಗಳು. ಇಂಗಾಲ, ಗಂಧಕ, ಹೈಡ್ರೋಜನ್ ಸೇರಿದ ಒಂದು ಅಣು, ಅದರ ಪೂರ್ತಿ ಹೆಸರು ಹೇಳುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಹಾಗಾಗಿ ಎಲ್ಲರೂ ಇಟಿ ಅನ್ನುತ್ತಾರೆ. ಅಣುಗಳು ಜೋಡಣೆಯಾದ ರೀತಿಗೆ ಕಪ್ಪಾ ಅನ್ನೋ ಗ್ರೀಕ್ ಅಕ್ಷರ ಇಟ್ಟಿದ್ದಾರೆ. ಬಣ್ಣವೂ ಕಪ್ಪು, ಹೆಸರೂ ಕಪ್ಪಾ, ಈ ತಮಾಷೆ ಕನ್ನಡದವರಿಗೆ ಮಾತ್ರ ಮೀಸಲು. 1980ರಲ್ಲಿ ಡೆನಿ ಜೆರೋಮ್, ಕ್ಲಾಸ್ ಬೆಕ್‌ಗಾರ್ಡ್ ಮತ್ತು ಸಂಗಡಿಗರು ಕಂಡುಹಿಡಿದ ಮೊದಲ ಸಾವಯವ ಸೂಪರ್‌ಕಂಡಕ್ಟರ್‌ಗೆ ಸುಮಾರು 0.9 ಕೆಲ್ವಿನ್, ಅಂದರೆ ಮೈನಸ್ 272 ಡಿಗ್ರಿ ಸೆಲ್ಸಿಯಸ್ ಚಳಿ ಬೇಕಿತ್ತು, ಮೇಲಿಂದ 12,000 ವಾತಾವರಣದಷ್ಟು ಒತ್ತಡವೂ ಬೇಕಿತ್ತು. ನನ್ನ ಕೈಯಲ್ಲಿದ್ದ ಇಟಿ ಜೊತೆ ತಾಮ್ರದ ಥಯೋಸಯನೇಟ್ ಸೇರಿದ ಜಾತಿ 1988ರದ್ದು. ಒತ್ತಡ ಕೇಳುವುದಿಲ್ಲ, 10 ಕೆಲ್ವಿನ್ ಹತ್ತಿರ ಬಂದರೆ ಸಾಕು, ವಿದ್ಯುತ್ತಿಗೆ ಅಡ್ಡಿಯೇ ಮಾಯ.

ಎಲೆಕ್ಟ್ರಾನ್‌ಗಳಿಗೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುವುದಿಲ್ಲ. ಹಾಗಿದ್ದರೂ ಇಲ್ಲಿ ಜೋಡಿಯಾಗುತ್ತವೆ, ಜೋಡಿಯಾದ ಮೇಲೇ ಅಡ್ಡಿಯಿಲ್ಲದೆ ಹರಿಯುವುದು. ಹೇಗೆ? ಸುದ್ದಿ ಹೊತ್ತವನೊಬ್ಬ ಗುಂಪಿನ ನಡುವೆ ಸರ್ರನೆ ಹೋದ ಅಂದುಕೊಳ್ಳಿ. ಎಲ್ಲರೂ ಅವನ ಕಡೆಗೆ ಬಾಗುತ್ತಾರೆ. ಅವನು ಹೋಗಿಯಾಯಿತು, ಇವರಿನ್ನೂ ಬಾಗಿಕೊಂಡೇ ಇದ್ದಾರೆ. ಅಲ್ಲೇನೋ ಇದೆ ಅಂತ ಇನ್ನೊಬ್ಬ ಅದೇ ದಾರಿ ಹಿಡಿದು ಬರುತ್ತಾನೆ. ಬಾಗುವವರು ಪರಮಾಣುಗಳು, ಓಡಿದವರು ಎಲೆಕ್ಟ್ರಾನ್‌ಗಳು. 1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಕೊಟ್ಟ ಬಿಸಿಎಸ್ ಸಿದ್ಧಾಂತದ ಒಳತಿರುಳು ಹೆಚ್ಚುಕಮ್ಮಿ ಇಷ್ಟೇ. ಪರಮಾಣು ಭಾರವಾದರೆ ಅಲುಗಾಟ ನಿಧಾನ, ಸೂಪರ್‌ಕಂಡಕ್ಟರ್ ಆಗುವ ತಾಪಮಾನವೂ ಇಳಿಯಬೇಕು. 1950ರಲ್ಲಿ ಪಾದರಸದ ಐಸೋಟೋಪುಗಳಲ್ಲಿ, ಅಂದರೆ ಅದೇ ಧಾತುವಿನ ಭಾರ-ಹಗುರ ಪರಮಾಣುಗಳಲ್ಲಿ, ಹಾಗೇ ಆಗಿತ್ತು.

ನನ್ನ ಲೆಕ್ಕ ಹೀಗಿತ್ತು. ಇಟಿ ಅಣುವಿನಲ್ಲಿ ಎಂಟು ಹೈಡ್ರೋಜನ್. ಎಲ್ಲವನ್ನೂ ಡ್ಯೂಟೀರಿಯಂ ಮಾಡಿದರೆ ತೂಕ 384ರಿಂದ 392. ಎರಡು ಪರ್ಸೆಂಟ್ ಭಾರ, ಸಿದ್ಧಾಂತದ ಪ್ರಕಾರ ತಾಪಮಾನ ಅದರರ್ಧ, ಅಂದರೆ ಒಂದು ಪರ್ಸೆಂಟ್, ಸುಮಾರು 0.1 ಕೆಲ್ವಿನ್ ಇಳಿಯಬೇಕು.

ಹರಳು ಎತ್ತುವುದೇ ಒಂದು ಸಾಹಸ. ಚಿಮಟ ಸ್ವಲ್ಪ ಬಿಗಿಯಾದರೆ ಟಕ್ ಅಂತ ಹಾರಿಹೋಗುತ್ತದೆ, ಆಮೇಲೆ ನೆಲದ ಮೇಲೆ ಟಾರ್ಚ್ ಹಿಡಿದು ತೆವಳಬೇಕು, ಸಿಕ್ಕ ಕಪ್ಪು ಚುಕ್ಕಿಗಳಲ್ಲಿ ಹರಳು ಯಾವುದು ಧೂಳು ಯಾವುದು ಅಂತ ಸೂಕ್ಷ್ಮದರ್ಶಕದ ಕೆಳಗಿಟ್ಟು ವಿಚಾರಿಸಬೇಕು. ಸಿಕ್ಕ ಮೇಲೆ ಕೂದಲಿಗಿಂತ ಸಣ್ಣ ನಾಲ್ಕು ಚಿನ್ನದ ತಂತಿ ಅಂಟಿಸಬೇಕು. ಅವಸರದಲ್ಲಿ ತಂಪು ಮಾಡಿದರೆ ಹರಳು ಬಿರುಕು ಬಿಡುತ್ತದೆ, ಇಲ್ಲವೇ ತಂತಿ ಕಿತ್ತು ಬರುತ್ತದೆ. ನನಗೆ ಎರಡೂ ಆಗಿದೆ, ಒಂದೇ ರಾತ್ರಿ. ಇಂಥದ್ದೇ ಒಂದು ಗಡಿಬಿಡಿಯಲ್ಲಿ ಎರಡೂ ಡಬ್ಬಿ ಒಟ್ಟಿಗೆ ತೆರೆದಿದ್ದೆ, ಸೀನು ಬಂತು, ಹರಳು ಹಾರೀತು ಅಂತ ಗಾಬರಿಯಾಗಿ ಎರಡೂ ಮುಚ್ಚಳ ಒತ್ತಿಬಿಟ್ಟೆ.

ಕೊನೆಗೂ ಫಲಿತಾಂಶ ಬಂತು. ಭಾರದ ಹರಳಿಗೆ ತಾಪಮಾನ ಕಡಿಮೆ! ಇಳಿದದ್ದು 0.1 ಅಲ್ಲ, ಸುಮಾರು 0.3. ಇರಲಿ, ಪ್ರಕೃತಿ ಉದಾರಿ ಅಂದುಕೊಂಡು ಗ್ರಾಫ್‌ಗೆ ಬಣ್ಣ ತುಂಬಿಸಿ ಗೈಡ್ ಮುಂದಿಟ್ಟೆ. ಅವರು ಒಂದು ನಿಮಿಷ ನೋಡಿ, "ಪಾಠಪುಸ್ತಕದ ದಿಕ್ಕಲ್ಲೇ ಹೋಗಿದೆಯಲ್ಲ, ಏನು ತಪ್ಪು ಮಾಡಿದ್ದೀರಿ?" ಅಂದರು.

ವಿಷಯ ಏನೆಂದರೆ, ಈ ಹರಳು ಉಲ್ಟಾ. ಡ್ಯೂಟೀರಿಯಂ ಹಾಕಿದರೆ ತಾಪಮಾನ ಏರುತ್ತದೆ. ಡ್ಯೂಟೀರಿಯಂ ಕಡಿಮೆ ನಡುಗುತ್ತದೆ, ಅದರ ಬಂಧ ಒಂಚೂರು ಗಿಡ್ಡ, ಅಷ್ಟಕ್ಕೇ ಈ ಮೆತ್ತನೆಯ ಹರಳಿನ ಒಳಗಿನ ಜಾಗ ಬದಲಾಗುತ್ತದೆ. ಇಂಗಾಲ, ಗಂಧಕಗಳನ್ನು ಭಾರ ಮಾಡಿದರೆ ಮಾತ್ರ ಸುಮಾರು 0.1 ಕೆಲ್ವಿನ್ ಶಿಸ್ತಾಗಿ ಇಳಿಯುತ್ತದೆ. ಜೋಡಿ ಮಾಡಿಸುವುದು ಅಲುಗಾಟವೋ, ಎಲೆಕ್ಟ್ರಾನ್‌ಗಳ ಕಾಂತೀಯ ಗುಣವೋ ಅಂತ ದೊಡ್ಡವರೇ ಜಗಳವಾಡುತ್ತಾರೆ. ಇದನ್ನೆಲ್ಲ ನಾನೂ ಓದಿದ್ದೆ. ಖುಷಿಯಲ್ಲಿ ಮರೆತಿದ್ದೆ, ಅಷ್ಟೇ.

ಪ್ರತಿ ಡಬ್ಬಿಯಿಂದ ಒಂದು ಹರಳು ಬಲಿಕೊಟ್ಟು ಅಣುವಿನ ತೂಕ ನೋಡಿಸಿದೆ. ಹೈಡ್ರೋಜನ್ ಅಂತ ಬರೆದ ಡಬ್ಬಿಯಲ್ಲಿ 392 ಬಂತು.

ಈಗ ಮುಚ್ಚಳ, ತಳ, ಪಕ್ಕ ಎಲ್ಲ ಕಡೆ ಬರೆದಿದ್ದೇನೆ. ಜೊತೆಗೆ ಮೂರನೇ ಡಬ್ಬಿಯೊಂದಿದೆ, ಮೊನ್ನೆ ಮೇಜಿನ ಕೆಳಗೆ ಸಿಕ್ಕ ಒಂದೇ ಒಂದು ಹರಳು ಅದರಲ್ಲಿದೆ. ಅದರ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ. ಧೂಳೂ ಆಗಿರಬಹುದು.